ಆಪರೇಷನ್ ಆದಮೇಲೆ ಗಂಟಲು ನೋವು, ದನಿ ಕಟ್ಟಿದೆ: 7.5 ಟ್ಯೂಬ್ ನನಗೆ ದೊಡ್ಡದಾಯ್ತಾ?

ಹಂಸಧ್ವನಿ_ಶಿವಮೊಗ್ಗ
ವೈದ್ಯಕೀಯ ಗೊತ್ತಿರೋರು ದಯವಿಟ್ಟು ಹೇಳಿ. ಹೋದ ವಾರ ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೋಸ್ಕೋಪಿ ಆಯ್ತು. ಹೊಟ್ಟೆ ಕಡೆ ಏನೂ ತೊಂದರೆ ಇಲ್ಲ, ಹೊಲಿಗೆ ಒಣಗ್ತಾ ಇದೆ. ತೊಂದರೆ ಇರೋದು ಗಂಟಲಲ್ಲಿ. ಎಚ್ಚರ ಆದಾಗ ಉಗುಳು ನುಂಗೋಕೂ ಆಗ್ತಿರಲಿಲ್ಲ. ಆ ನೋವು ಈಗ ಬಹುಪಾಲು ಹೋಗಿದೆ, ದನಿ ಮಾತ್ರ ಇನ್ನೂ ಬಂದಿಲ್ಲ. ನಾನು ಮಕ್ಕಳಿಗೆ ಸಂಗೀತ ಪಾಠ ಹೇಳೋಳು. ಮಂದ್ರದಲ್ಲಿ ಏನೋ ಗೊರಗೊರ ಅಂತ ಹೊರಡುತ್ತೆ, ತಾರ ಷಡ್ಜಕ್ಕೆ ಹೋದ್ರೆ ಬರೀ ಗಾಳಿ.

ಡಿಸ್ಚಾರ್ಜ್ ಫೈಲಲ್ಲಿ ಅನಸ್ತೇಷಿಯಾ ಶೀಟಿನ ಜೆರಾಕ್ಸ್ ಇತ್ತು. ಅದರಲ್ಲಿ "ಓರಲ್ ಇಟಿಟಿ 7.5, ಕಫ್ಡ್" ಅಂತ ಬರೆದಿದೆ. ಇಟಿಟಿ ಅಂದ್ರೆ ಉಸಿರಾಡ್ಸೋಕೆ ಬಾಯಿಂದ ಶ್ವಾಸನಾಳಕ್ಕೆ ಇಳಿಸೋ ಟ್ಯೂಬಂತೆ. ನನ್ನ ಎತ್ತರ ಐದಡಿ, ಅದೂ ಕಷ್ಟಪಟ್ಟು. ನೆಟ್ಟಲ್ಲಿ ಹುಡುಕಿದ್ರೆ ಹೆಂಗಸರಿಗೆ 7 ಅಂತ ಒಂದು ಕಡೆ, 6.5 ಅಂತ ಇನ್ನೊಂದು ಕಡೆ, 7.5 ಕೂಡ ಸರಿ ಅಂತ ಮತ್ತೊಂದು ಕಡೆ ಇದೆ. ವಾರ್ಡಲ್ಲಿ ಕೇಳಿದ್ದಕ್ಕೆ "ಎಲ್ಲರಿಗೂ ಹಾಗೇ ಆಗುತ್ತೆ, ಬಿಸಿನೀರು ಕುಡೀರಿ" ಅಂದ್ರು. ನನಗೆ ಜಗಳ ಬೇಡ. ಈ ನಂಬರ್ ಏನು, ಅದಕ್ಕೂ ನನ್ನ ಗಂಟಲಿಗೂ ಸಂಬಂಧ ಇದೆಯಾ, ಇಷ್ಟು ಗೊತ್ತಾದ್ರೆ ಸಾಕು.

ಬಸವನಗುಡಿ_ಹುಡುಗ
ಮೇಡಂ, ಕಲ್ಲು ಹೋಯ್ತಲ್ಲ, ಅದಕ್ಕೆ ಖುಷಿಪಡಿ. ನಮ್ಮ ಚಿಕ್ಕಪ್ಪಂಗೆ ಇದೇ ಆಪರೇಷನ್ ಆದಾಗ ಎರಡೇ ದಿನಕ್ಕೆ ಎಲ್ಲ ಸರಿ ಹೋಯ್ತು. ಉಸಿರಾಡ್ಸೋಕೆ ಹಾಕಿದ ಪೈಪಿಗೆ ಸೈಜ್ ಹಿಡ್ಕೊಂಡು ಚರ್ಚೆ ಮಾಡಿದ್ರೆ ನಾಳೆ ಡಾಕ್ಟ್ರು ಪೇಷೆಂಟ್ ಮುಟ್ಟೋಕೇ ಹೆದರ್ತಾರೆ.

ಮಲೆನಾಡ_ಮಳೆ
ಚಿಕ್ಕಪ್ಪ ಸಂಗೀತ ಪಾಠ ಹೇಳ್ತಿದ್ರಾ?

ನಿರ್ವಾಹಕರು
ಆಸ್ಪತ್ರೆಯ ಹೆಸರು, ವೈದ್ಯರ ಹೆಸರು ಯಾರೂ ಹಾಕಬೇಡಿ, ಖಾಸಗಿಯಾಗಿಯೂ ಕೇಳಬೇಡಿ. ಉಳಿದದ್ದು ಮುಂದುವರಿಯಲಿ.

ಅನಸ್ತೇಷಿಯಾ_ಕುಡ್ಲ
ನಾನು ಮಂಗಳೂರಿನಲ್ಲಿ ಅನಸ್ತೇಷಿಯಾ ಕೊಡುವವಳು. ನೋಡದೆ ನಿಮ್ಮ ಗಂಟಲಿಗೆ ಏನಾಗಿದೆ ಅಂತ ಹೇಳಲಿಕ್ಕೆ ಆಗುವುದಿಲ್ಲ. ನಂಬರಿನ ವಿಷಯ ಹೇಳುತ್ತೇನೆ.

7.5 ಅಂದರೆ ಕೊಳವೆಯ ಒಳವ್ಯಾಸ, ಮಿಲಿಮೀಟರ್ ಲೆಕ್ಕ. ಗಾಳಿ ಹೋಗುವ ಜಾಗ ಅದು. ಆದರೆ ನಿಮ್ಮ ಗಂಟಲಿಗೆ ತಾಗುವುದು ಹೊರಮೈ. ಹೊರವ್ಯಾಸವನ್ನು ಕೊಳವೆಯ ಮೇಲೆ ಬೇರೆಯೇ ಅಚ್ಚು ಹಾಕಿರುತ್ತಾರೆ, ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸ ಬರುತ್ತದೆ. ಸಾಮಾನ್ಯ ಪಿವಿಸಿ ಕೊಳವೆಯಲ್ಲಿ 7.5ಕ್ಕೆ ಹೊರಗೆ ಅಂದಾಜು 10 ಮಿ.ಮೀ., 6.5ಕ್ಕೆ 9ರ ಆಸುಪಾಸು. ಒಳಗೆ ತಂತಿ ಸುತ್ತಿದ, ಬಾಗಿಸಿದರೂ ಮಡಚದ ಕೊಳವೆಗಳ ಗೋಡೆ ಇನ್ನೂ ದಪ್ಪ.

ಒಂದು ಮಿಲಿಮೀಟರಿಗೆ ಏನು ಮಹಾ ಅನ್ನಿಸಬಹುದು. ಧ್ವನಿಪೆಟ್ಟಿಗೆಯ ಬಾಯಿ ದುಂಡಗಿಲ್ಲ, ತ್ರಿಕೋನ. ಚೂಪು ಮುಂದಕ್ಕೆ, ಅಗಲ ಹಿಂದಕ್ಕೆ. ದುಂಡು ಕೊಳವೆ ಹೋಗಿ ಕೂರುವುದು ಆ ಹಿಂದಿನ ಅಗಲದಲ್ಲಿ. ಧ್ವನಿತಂತುಗಳನ್ನು ಎಳೆದು ಬಿಡುವ ಎರಡು ಪುಟ್ಟ ಮೃದ್ವಸ್ಥಿಗಳು ಇರುವುದೂ ಅಲ್ಲೇ. ಕೊಳವೆಗೆ ಅದರದ್ದೇ ಬಾಗು ಇದೆ, ಗಂಟಲಿನ ಬಾಗು ಬೇರೆ. ಹಾಗಾಗಿ ಅದು ಹೊರಗೆ ತೆಗೆಯುವವರೆಗೂ ಹಿಂದಕ್ಕೆ ಒತ್ತುತ್ತಲೇ ಇರುತ್ತದೆ. ಅದರ ಕೆಳಗೆ ಕ್ರಿಕಾಯ್ಡ್ ಅನ್ನುವ ಪೂರ್ತಿ ಉಂಗುರ, ಅದು ಹಿಗ್ಗುವುದಿಲ್ಲ. ಹೆಂಗಸರ ಧ್ವನಿಪೆಟ್ಟಿಗೆ ಗಂಡಸರದ್ದಕ್ಕಿಂತ ಚಿಕ್ಕದು, ಗಿಡ್ಡ ಇದ್ದವರದ್ದು ಇನ್ನೂ ಚಿಕ್ಕದು. ಆಪರೇಷನ್ ನಂತರದ ಗಂಟಲು ನೋವು ಹೆಂಗಸರಿಗೆ ಜಾಸ್ತಿ ಅಂತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ಇನ್ನು 7.5 ದೊಡ್ಡದಾಯಿತಾ? ಹೆಂಗಸರಿಗೆ 7ರಿಂದ 7.5 ಅಂತ ಪಠ್ಯಪುಸ್ತಕದಲ್ಲೇ ಇದೆ. ಹಾಗಾಗಿ ಯಾರೋ ತಪ್ಪು ಮಾಡಿದರು ಅಂತ ನಾನು ಹೇಳುವುದಿಲ್ಲ. ಆದರೆ ಐದಡಿ ಎತ್ತರದ, ದನಿಯೇ ಉದ್ಯೋಗವಾಗಿರುವ ಹೆಂಗಸಿಗೆ, ಗಂಟೆಯಲ್ಲಿ ಮುಗಿಯುವ ಆಪರೇಷನ್ನಿಗೆ ನಾನಾದರೆ 6.5 ತೆಗೆಯುತ್ತೇನೆ. 6 ತೆಗೆಯುವ ಸಹೋದ್ಯೋಗಿಗಳೂ ಇದ್ದಾರೆ.

ಹಂಸಧ್ವನಿ_ಶಿವಮೊಗ್ಗ
ತುಂಬಾ ಥ್ಯಾಂಕ್ಸ್ ಮೇಡಂ. ಒಂದೇ ಒಂದು: ಚಿಕ್ಕದು ಸಾಕು ಅಂತಾದ್ರೆ ದೊಡ್ಡದು ಯಾಕೆ ರೂಢಿಗೆ ಬಂತು?

ನಿವೃತ್ತ_ಮೈಸೂರು
ಇದಕ್ಕೆ ನಾನು ಉತ್ತರ ಕೊಡಬಹುದು, ಆ ರೂಢಿಯಲ್ಲೇ ಬೆಳೆದವನು. ನಾವು ಕಲಿಯುವಾಗ ಗಂಡಸರಿಗೆ 9, ಹೆಂಗಸರಿಗೆ 8 ಅಥವಾ 8.5. ಅದೂ ಕೆಂಪು ರಬ್ಬರಿನ ಕೊಳವೆ. ತೊಳೆದು, ಸೋಂಕು ಕಳೆದು, ಮತ್ತೆ ಅದೇ. ತುದಿಯ ಬಲೂನು ಚಿಕ್ಕದು, ಗಟ್ಟಿ. ಸ್ವಲ್ಪ ಗಾಳಿಗೇ ಬಿರುಸಾಗಿ ಶ್ವಾಸನಾಳದ ಗೋಡೆಯನ್ನು ಅಮುಕುತ್ತಿತ್ತು.

ದೊಡ್ಡ ಕೊಳವೆಗೆ ಆಗ ಕಾರಣವಿತ್ತು. ಈ ಕೊಳವೆಗಳನ್ನು ರೂಢಿಗೆ ತಂದವರು ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಐವಾನ್ ಮೆಗಿಲ್ ಮತ್ತು ಸ್ಟ್ಯಾನ್ಲಿ ರೋಬೋಥಮ್. ಮೊದಲನೇ ಮಹಾಯುದ್ಧದಲ್ಲಿ ಮುಖ ಒಡೆದುಹೋದ ಸೈನಿಕರಿಗೆ ಸಿಡ್ಕಪ್ ಎಂಬಲ್ಲಿ ಹೆರಾಲ್ಡ್ ಗಿಲ್ಲೀಸ್ ಪ್ಲಾಸ್ಟಿಕ್ ಸರ್ಜರಿ ಮಾಡುತ್ತಿದ್ದರು. ಮುಖದ ಮೇಲೆ ಮಾಸ್ಕ್ ಇಡಲು ಜಾಗವೇ ಇಲ್ಲ, ಹಾಗಾಗಿ ಗಂಟಲೊಳಗೆ ಕೊಳವೆ ಇಳಿಸಿದರು. ಆಗ ವೆಂಟಿಲೇಟರ್ ಇಲ್ಲ, ಸ್ನಾಯು ಸಡಿಲಿಸುವ ಔಷಧಿಯೂ ಇಲ್ಲ. ರೋಗಿ ಆ ಕೊಳವೆಯ ಮೂಲಕ ತಾನೇ ಉಸಿರೆಳೆಯಬೇಕು. ಸಣ್ಣ ಸ್ಟ್ರಾ ಹಾಕಿ ಎಳನೀರು ಕುಡಿದು ನೋಡಿ, ಎಷ್ಟು ಎಳೆಯಬೇಕು ಅಂತ ಕೆನ್ನೆಗೇ ಗೊತ್ತಾಗುತ್ತೆ. ಹಾಗಾಗಿ ಒಳಗೆ ಹೋಗುವಷ್ಟು ದೊಡ್ಡದನ್ನು ಹಾಕು ಎಂಬುದೇ ಪಾಠ. ಆಮೇಲೆ ವೆಂಟಿಲೇಟರ್ ಬಂತು, ಉಸಿರು ನೂಕುವ ಕೆಲಸ ಯಂತ್ರಕ್ಕೆ ಹೋಯಿತು. ಕಾರಣ ಹೋದರೂ ಅಭ್ಯಾಸ ಉಳಿಯಿತು. ಈಗಲೂ ಎಷ್ಟೋ ಥಿಯೇಟರುಗಳಲ್ಲಿ ಟ್ರಾಲಿ ಮೇಲೆ ಬೆಳಿಗ್ಗೆಯೇ "ಗಂಡಸು 8, ಹೆಂಗಸು 7.5" ಅಂತ ತೆಗೆದಿಟ್ಟಿರುತ್ತಾರೆ. ಒಳಗೆ ಬರುವ ಹೆಂಗಸು ಐದಡಿಯೋ ಐದೂಮುಕ್ಕಾಲೋ ಅಂತ ಯಾರೂ ನೋಡಿರುವುದಿಲ್ಲ.

ಇದು ಹೊಸ ವಿಷಯವೂ ಅಲ್ಲ. 1987ರಲ್ಲೇ ಅನಸ್ತೇಷಿಯಾಲಜಿ ಪತ್ರಿಕೆಯಲ್ಲಿ ಒಂದು ಹೋಲಿಕೆ ಬಂತು. ಒಂದು ಗುಂಪಿಗೆ ಗಂಡಸರಿಗೆ 9, ಹೆಂಗಸರಿಗೆ 8.5, ಇನ್ನೊಂದಕ್ಕೆ 7 ಮತ್ತು 6.5. ದೊಡ್ಡ ಕೊಳವೆಯವರಲ್ಲಿ ಅರ್ಧದ ಹತ್ತಿರ ಜನಕ್ಕೆ ಗಂಟಲು ನೋವು, ಚಿಕ್ಕದರವರಲ್ಲಿ ಕಾಲು ಭಾಗಕ್ಕಿಂತ ಕಡಿಮೆ. 2010ರಲ್ಲಿ ಸ್ವೀಡನ್ನಿನ ಒರೆಬ್ರೋದವರು ಹೆಂಗಸರಲ್ಲೇ 6 ಮತ್ತು 7 ಹೋಲಿಸಿದರು. ಅಲ್ಲೂ ಎಚ್ಚರವಾದ ಕೂಡಲೇ ಇರುವ ನೋವು 6ರಲ್ಲಿ ಕಡಿಮೆ.

ಪಂಪ್‌ಸೆಟ್_ಇಂಜಿನಿಯರ್
ನಾನು ಡಾಕ್ಟರ್ ಅಲ್ಲ, ಪೈಪುಗಳ ಲೆಕ್ಕ ಮಾಡೋನು. ಚಿಕ್ಕ ಕೊಳವೆ ಪರವಾಗಿ ಎಲ್ಲ ಒಂದೇ ದನಿ ಆಯ್ತು, ಅದಕ್ಕೆ ಒಂದು ತಕರಾರು. ಹರಿವು ನಯವಾಗಿದ್ದಾಗ ಪ್ವಾಸೈ ನಿಯಮದ ಪ್ರಕಾರ ಅಡೆತಡೆ ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮ. 7.5ರಿಂದ 6.5ಕ್ಕೆ ಇಳಿದ್ರೆ ಅಡೆತಡೆ ಸುಮಾರು 1.77 ಪಟ್ಟು. 8ರಿಂದ 6ಕ್ಕೆ ಇಳಿದ್ರೆ ಮೂರು ಪಟ್ಟು ದಾಟುತ್ತೆ. ಹರಿವು ಕಲಕಿದ್ರೆ ಇನ್ನೂ ಜಾಸ್ತಿ. ಇದೇನು ಸಣ್ಣ ವ್ಯತ್ಯಾಸಾನಾ? ಗಂಟಲು ನೋವು ತಪ್ಪಿಸೋಕೆ ಹೋಗಿ ಶ್ವಾಸಕೋಶಕ್ಕೆ ಒತ್ತಡ ಕೊಟ್ಟಂಗಾಗಲ್ವಾ?

ಅನಸ್ತೇಷಿಯಾ_ಕುಡ್ಲ
ಲೆಕ್ಕ ಸರಿಯೇ ಮಾರಾಯ್ರೆ. ಆದರೆ ಆ ಹೆಚ್ಚಿನ ಒತ್ತಡ ಎಲ್ಲಿ ಖರ್ಚಾಗುತ್ತದೆ ನೋಡಿ. ಗಾಳಿ ಹರಿಯುವಾಗ ಕೊಳವೆಯೊಳಗೇ ಖರ್ಚಾಗುತ್ತದೆ. ವೆಂಟಿಲೇಟರಿನ ಪರದೆಯಲ್ಲಿ ಪೀಕ್ ಪ್ರೆಶರ್ ಏರಿದ್ದು ಕಾಣುತ್ತದೆ. ಗಾಳಿ ಒಂದು ಕ್ಷಣ ನಿಂತಾಗ ಅಳೆಯುವ ಪ್ಲಾಟೋ ಪ್ರೆಶರ್ ಇದೆಯಲ್ಲ, ಶ್ವಾಸಕೋಶಕ್ಕೆ ಮುಟ್ಟುವುದು ಅದು. ಅದು ಕೊಳವೆಯ ಗಾತ್ರಕ್ಕೆ ಬದಲಾಗುವುದಿಲ್ಲ. ನೂಕುವುದು ಯಂತ್ರ, ಅದಕ್ಕೆ ಸುಸ್ತಾಗುವುದಿಲ್ಲ.

ತೊಂದರೆ ಬರುವುದು ಉಸಿರು ಹೊರಗೆ ಬಿಡುವಾಗ. ಅದು ತನ್ನಷ್ಟಕ್ಕೆ ಬರಬೇಕು. ಹಳೇ ಬೀಡಿ ಸೇದುವವರು, ಸಿಒಪಿಡಿ (ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆ), ಉಲ್ಬಣಿಸಿದ ಅಸ್ತಮಾ, ಇವರಲ್ಲಿ ಗಾಳಿ ಪೂರ್ತಿ ಹೊರಬರುವ ಮೊದಲೇ ಮುಂದಿನ ಉಸಿರು ಹೋಗಿ ಒಳಗೆ ಗಾಳಿ ಕಟ್ಟಿಕೊಳ್ಳುತ್ತದೆ. ಅಂಥವರಿಗೆ ನಾನೂ 6 ಹಾಕುವುದಿಲ್ಲ.

ಮಸ್ಕತ್_ಕನ್ನಡಿಗ
ಇಲ್ಲಿ ಐಸಿಯುನಲ್ಲಿ ರೆಸ್ಪಿರೇಟರಿ ಥೆರಪಿಸ್ಟ್ ಆಗಿದೀನಿ. ನಮ್ಮ ಕಡೆಯಿಂದ ನೋಡಿದ್ರೆ ಕಥೆ ಬೇರೆ. ಥಿಯೇಟರ್‌ನಿಂದ 6.5 ಹಾಕ್ಕೊಂಡು ಬಂದ ಪೇಷೆಂಟ್ ನಮ್ಮಲ್ಲಿ ಹತ್ತು ದಿನ ಉಳಿದ್ರೆ ನಮಗೆ ತಲೆನೋವು. ಕಫ ಗಟ್ಟಿಯಾಗಿ ಒಳಗೋಡೆಗೆ ಅಂಟಿ 6.5 ಇದ್ದದ್ದು ಇನ್ನೂ ಕಿರಿದಾಗುತ್ತೆ. ಶ್ವಾಸಕೋಶದ ಒಳಗೆ ನೋಡೋ ಬ್ರಾಂಕೋಸ್ಕೋಪ್ ಇಳಿಸಬೇಕಾದ್ರೆ ಸ್ಕೋಪಿನ ದಪ್ಪಕ್ಕಿಂತ ಕೊಳವೆ ಒಳಗೆ ಕನಿಷ್ಠ 2 ಮಿ.ಮೀ. ಜಾಸ್ತಿ ಇರಬೇಕು, ಇಲ್ಲಾಂದ್ರೆ ಸ್ಕೋಪ್ ಒಳಗಿದ್ದಾಗ ಉಸಿರೇ ಆಡಲ್ಲ. ದೊಡ್ಡವರ ಸ್ಕೋಪ್ ಆರು ಮಿಲಿಮೀಟರ್ ಹತ್ತಿರ ಇರುತ್ತೆ, ಅಲ್ಲಿಗೆ 8 ಬೇಕು ಅಂತಾಯ್ತು. ಮಧ್ಯರಾತ್ರಿ ಕೊಳವೆ ಬದಲಾಯಿಸೋದು ಮಾಡಿದವರಿಗೇ ಗೊತ್ತು.

ಹಾಗಂತ ದೊಡ್ಡದು ಪುಕ್ಕಟೆ ಅಲ್ಲ. ದಿನಗಟ್ಟಲೆ ಕೊಳವೆ ಇದ್ದವರ ಧ್ವನಿಪೆಟ್ಟಿಗೆ ಹಿಂಭಾಗದಲ್ಲಿ ಹುಣ್ಣು, ಗೆಡ್ಡೆಯಂಥ ಗ್ರಾನುಲೋಮ ಆಗೋದನ್ನೂ ನಾವು ನೋಡ್ತೀವಿ. ಯೋಜನೆ ಮಾಡಿದ, ಸಂಜೆಯೊಳಗೆ ವಾರ್ಡಿಗೆ ಹೋಗೋ ಆಪರೇಷನ್ನಿಗೆ ಐಸಿಯು ಲೆಕ್ಕದಲ್ಲಿ ಕೊಳವೆ ಹಾಕೋದು ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಹುಬ್ಬಳ್ಳಿ_ಓಟಿ
ಡಾಕ್ಟರ್ ಮಂದಿ ಎಲ್ಲಾ ಸೈಜ್ ಸೈಜ್ ಅಂತ ಕುಂತೀರಿ. ನಾ ಓಟಿ ಟೆಕ್ನಿಷಿಯನ್ ಅದೀನ್ರಿ, ಸಿರಿಂಜ್ ನನ್ನ ಕೈಯಾಗ ಇರ್ತದ. ಕಫ್ ಬಗ್ಗೆ ಯಾರೂ ಮಾತಾಡವಲ್ಲರು.

ಟ್ಯೂಬಿನ ತುದಿಗೆ ಬಲೂನ್ ಇರ್ತದ, ಅದಕ್ಕ ಕಫ್ ಅಂತಾರ. ಸುತ್ತ ಗಾಳಿ ಸೋರಬಾರದು, ಹೊಟ್ಟ್ಯಾಗಿಂದ ನೀರು ಮ್ಯಾಲ ಬಂದ್ರ ಶ್ವಾಸನಾಳಕ್ಕ ಇಳೀಬಾರದು, ಅದಕ್ಕ ಅದು. ಹೊರಗ ಒಂದು ಸಣ್ಣ ಪೈಲಟ್ ಬಲೂನ್ ಜೋತಾಡ್ತಿರ್ತದ. ಟ್ಯೂಬ್ ಹೋದ ಕೂಡಲೇ "ಕಫ್" ಅಂತಾರ, ನಾವು ಹತ್ತು ಎಂಎಲ್ ಸಿರಿಂಜ್ ಹಚ್ಚಿ ಗಾಳಿ ಹೊಡೀತೀವಿ. ಆಮ್ಯಾಲ ಪೈಲಟ್ ಬಲೂನ್ ಹೆಬ್ಬೆರಳು ತೋರಬೆರಳಿನ ನಡುವ ಹಿಚುಕಿ "ಸಾಕು" ಅಂತೀವಿ. ಎಷ್ಟು ಸಾಕು? ಅದು ಬೆರಳಿಗೆ ತಿಳಿಯಂಗಿಲ್ರೀ. ಸೀನಿಯರ್ ಬೆರಳಿಗೂ ತಿಳಿಯಂಗಿಲ್ಲ. ಮೀಟರ್ ಹಚ್ಚಿ ನೋಡಿದ್ರ ಅರವತ್ತು, ಎಂಬತ್ತು ತೋರಿಸಿದ್ದು ನಾನ ನೋಡೀನಿ. ಇರಬೇಕಾದದ್ದು 20ರಿಂದ 30 ಸೆಂಟಿಮೀಟರ್ ನೀರಿನ ಒತ್ತಡ.

ಆ ಮೀಟರಿಗೆ ಕಫ್ ಮ್ಯಾನೋಮೀಟರ್ ಅಂತಾರ. ದುಂಡನ ಡಯಲ್, ಹಸಿರು ಪಟ್ಟಿ. ಹಸಿರಿನ್ಯಾಗ ಮುಳ್ಳು ಬರೋವರೆಗೂ ಗಾಳಿ ಬಿಟ್ಟರ ಮುಗೀತು, ಅರ್ಧ ನಿಮಿಷದ ಕೆಲಸ. ನಾ ಮೊದಲು ಕೆಲಸ ಮಾಡಿದಲ್ಲಿ ಅದು ಒಂದ ಇತ್ತು, ಅದೂ ಐಸಿಯು ಸಿಸ್ಟರ್ ಕಪಾಟಿನ್ಯಾಗ ಕೀಲಿ ಹಾಕಿ ಇಟ್ಟಿದ್ರು.

ಅನಸ್ತೇಷಿಯಾ_ಕುಡ್ಲ
ಹುಬ್ಬಳ್ಳಿಯವರ ಮಾತಿಗೆ ನನ್ನ ಪೂರ್ತಿ ಸಹಿ. 30 ಯಾಕೆ ಅಂದರೆ, ಶ್ವಾಸನಾಳದ ಒಳಪದರಕ್ಕೆ ರಕ್ತ ಹರಿಯುವ ಒತ್ತಡ ಆ ಮಟ್ಟದ್ದು. 1984ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂತು. ಕಫ್ ಉಬ್ಬಿಸುತ್ತಾ ಒಳಪದರವನ್ನು ಎಂಡೋಸ್ಕೋಪಿನಲ್ಲಿ ನೋಡಿದರು. 30 ದಾಟಿದರೆ ರಕ್ತ ಹರಿವು ಕುಂದುತ್ತದೆ, 50ರ ಹೊತ್ತಿಗೆ ಮೃದ್ವಸ್ಥಿ ಉಂಗುರಗಳ ಮೇಲಿನ ಪದರ ಬಿಳಿಚಿಕೊಳ್ಳುತ್ತದೆ.

ಎರಡು ವಿಷಯ ಸೇರಿಸುತ್ತೇನೆ. ಒಂದು, ನೈಟ್ರಸ್ ಆಕ್ಸೈಡ್. ಮತ್ತು ಬರಿಸಲು ಕೊಡುವ ಆ ಅನಿಲ ಕಫ್ಫಿನ ಗೋಡೆ ದಾಟಿ ಒಳಗೆ ಸೇರಿಕೊಳ್ಳುತ್ತದೆ. ಮೊದಲಿಗೆ 25 ಇದ್ದದ್ದು ಆಪರೇಷನ್ ನಡೆದಂತೆ ತಾನೇ ಏರುತ್ತದೆ. ಹಾಗಾಗಿ ಒಮ್ಮೆ ಅಳೆದು ಬಿಟ್ಟರೆ ಸಾಲದು. ಎರಡು, ಲ್ಯಾಪ್ರೋಸ್ಕೋಪಿಯಲ್ಲಿ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿದಾಗ ಎದೆಯೊಳಗಿನ ಒತ್ತಡ ಏರಿ ಕಫ್ ಒತ್ತಡವೂ ಏರುತ್ತದೆ.

ಇಲ್ಲಿ ಚಿಕ್ಕ ಕೊಳವೆಗೂ ಒಂದು ಮಿತಿ ಇದೆ. ಶ್ವಾಸನಾಳ ಅಗಲ ಇದ್ದವರಿಗೆ ತೀರಾ ಚಿಕ್ಕದು ಹಾಕಿದರೆ, ಸೋರಿಕೆ ನಿಲ್ಲಿಸಲು ಕಫ್ಫನ್ನು ಬಿರುಸಾಗುವಷ್ಟು ಊದಬೇಕಾಗುತ್ತದೆ. ಆರಡಿ ಆಳಿಗೆ 6 ಹಾಕಿ ಕಫ್ 70ಕ್ಕೆ ಏರಿಸಿದರೆ ಏನು ಉಳಿಸಿದ ಹಾಗಾಯಿತು?

ಹಂಸಧ್ವನಿ_ಶಿವಮೊಗ್ಗ
ಹಾಗಾದ್ರೆ ನನ್ನದು ಟ್ಯೂಬಿಂದಾನೋ ಕಫ್ಫಿಂದಾನೋ ಹೇಳೋಕೇ ಆಗಲ್ಲ ಅಲ್ವಾ? ಶೀಟಲ್ಲಿ ಕಫ್ ಪ್ರೆಶರ್ ಬರೆದಿಲ್ಲ.

ನಿವೃತ್ತ_ಮೈಸೂರು
ಬರೆಯುವುದು ಅಪರೂಪ ತಾಯಿ. ಮತ್ತೂ ಒಂದಿದೆ. ಪಿತ್ತಕೋಶದ ಆಪರೇಷನ್ನಿನಲ್ಲಿ ಹೊಟ್ಟೆಯ ಗಾಳಿ ತೆಗೆಯಲು ಬಾಯಿಂದಲೋ ಮೂಗಿಂದಲೋ ರೈಲ್ಸ್ ಟ್ಯೂಬ್ ಇಳಿಸುವುದುಂಟು. ಅದು ಅನ್ನನಾಳಕ್ಕೆ ಹೋಗುವ ಮುನ್ನ ಗಂಟಲ ಹಿಂಗೋಡೆಗೆ ತಗುಲಿ ಮಡಚಿಕೊಂಡು ಎರಡು ಮೂರು ಸಲ ಗೀರುತ್ತೆ. ಕೊನೆಯಲ್ಲಿ ಸಕ್ಷನ್ ಪೈಪ್. ಎಚ್ಚರವಾಗುವಾಗ ಕೊಳವೆ ಬಾಯಲ್ಲಿದ್ದೇ ಜೋರು ಕೆಮ್ಮು ಬಂದರೆ ಧ್ವನಿತಂತುಗಳು ಅದಕ್ಕೇ ಬಡಿದುಕೊಳ್ಳುತ್ತವೆ. ಒಂದೇ ಸಲಕ್ಕೆ ಕೊಳವೆ ಹೋಗದೆ ಮತ್ತೆ ಪ್ರಯತ್ನಿಸಿದ್ದರೆ ಅದೂ ಸೇರಿತು. ನುಂಗುವಾಗ ನೋವಾದರೆ ಸಾಮಾನ್ಯವಾಗಿ ಮೇಲಿನ ಗಂಟಲಿನದ್ದು. ದನಿ ಕಟ್ಟಿದರೆ ಧ್ವನಿಪೆಟ್ಟಿಗೆಯದ್ದು, ಅಲ್ಲಿ ಕೊಳವೆಯ ದಪ್ಪದ ಪಾತ್ರ ಹೆಚ್ಚು.

ನೀವು ಇಎನ್‌ಟಿ ಬಳಿ ಹೋಗಿ. ನುಂಗುವ ನೋವು ಮಾತ್ರ ಇದ್ದಿದ್ದರೆ ಕಾಯಿರಿ ಅನ್ನುತ್ತಿದ್ದೆ, ಬಹುಪಾಲು ಎರಡು ಮೂರು ದಿನದಲ್ಲಿ ಹೋಗುತ್ತೆ. ದನಿ ವಾರವಾದರೂ ಬಂದಿಲ್ಲ, ಅದೂ ಹಾಡುಗಾರರದ್ದು ಅಂದರೆ ಒಮ್ಮೆ ಸ್ಕೋಪ್ ಹಾಕಿ ನೋಡಿಸಬೇಕು.

ಅಜ್ಜಿಮನೆ_ತೀರ್ಥಹಳ್ಳಿ
ಜ್ಯೇಷ್ಠಮಧು ಕಡ್ಡಿ ಬಾಯಲ್ಲಿ ಇಟ್ಕೊಳೇ ಮಾರಾಯ್ತಿ. ಉಪ್ಪುನೀರು ಬಾಯಿ ಮುಕ್ಕಳಿಸು. ನಮ್ಮ ಮನೇಲಿ ಹಾಡೋರೆಲ್ಲ ಮಾಡಿದ್ದು ಇದೇ.

ಬಸವನಗುಡಿ_ಹುಡುಗ
ಬಂತಪ್ಪ ಅಜ್ಜಿ ಮದ್ದು. ಇದನ್ನೇ ಕಾಯ್ತಿದ್ದೆ.

ಅನಸ್ತೇಷಿಯಾ_ಕುಡ್ಲ
ನಗಬೇಡಿ, ಇದು ನಮ್ಮ ಪತ್ರಿಕೆಗಳಲ್ಲೇ ಬಂದ ವಿಷಯ. ಲಖನೌದ ಸಂಜಯ್ ಗಾಂಧಿ ಪಿಜಿಐ ಸಂಸ್ಥೆಯವರು 2009ರಲ್ಲಿ ಪ್ರಕಟಿಸಿದ್ದಾರೆ. ಅನಸ್ತೇಷಿಯಾ ಕೊಡುವ ಐದು ನಿಮಿಷ ಮೊದಲು ಜ್ಯೇಷ್ಠಮಧು ಬೆರೆಸಿದ ನೀರಲ್ಲಿ ಗಂಟಲು ಗುಳುಗುಳು ಮಾಡಿಸಿದರು, ಸಾದಾ ನೀರಿನವರಿಗಿಂತ ಗಂಟಲು ನೋವು, ಕೆಮ್ಮು ಎರಡೂ ಕಡಿಮೆಯಾಯಿತು. ಆಮೇಲೆ ವಿಯೆನ್ನಾದಲ್ಲಿ ಶ್ವಾಸಕೋಶದ ಆಪರೇಷನ್ನಿಗೆ ಹಾಕುವ ಇಮ್ಮಡಿ ಕೊಳವೆಯವರಲ್ಲೂ ಪರೀಕ್ಷಿಸಿ ಫಲ ಕಂಡರು. ಕೆಟಮೈನ್, ಮೆಗ್ನೀಸಿಯಂ ಹಾಕಿ ಮುಕ್ಕಳಿಸುವುದೂ ಉಂಟು. ವಾಂತಿ ಬಾರದ ಹಾಗೆ ನಾವು ಕೊಡುವ ಡೆಕ್ಸಾಮೆಥಸೋನ್ ಇಂಜೆಕ್ಷನ್ ಕೂಡ ಗಂಟಲು ನೋವು ತಗ್ಗಿಸುತ್ತದೆ. ಕೊಳವೆಗೆ ಮರಗಟ್ಟಿಸುವ ಲಿಗ್ನೊಕೇನ್ ಜೆಲ್ಲಿ ಬಳಿಯುವುದರಿಂದ ಮಾತ್ರ ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ.

ಆದರೆ ಜ್ಯೇಷ್ಠಮಧು ಮುಕ್ಕಳಿಸಿ ಉಗುಳುವುದು ಬೇರೆ, ದಿನವೂ ಕಷಾಯ ಕುಡಿಯುವುದು ಬೇರೆ. ಹೆಚ್ಚಾಗಿ ಹೊಟ್ಟೆಗೆ ಹೋದರೆ ಬಿಪಿ ಏರುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ. ಬಿಪಿ ಮಾತ್ರೆ ತಗೊಳ್ಳುವವರು ಜಾಗ್ರತೆ. ಮತ್ತೆ ಈ ಅಧ್ಯಯನ ಆಪರೇಷನ್ನಿಗೆ ಮೊದಲಿನದ್ದು, ಈಗ ಆಗಿರುವ ದನಿ ಸಮಸ್ಯೆಗೆ ಔಷಧಿ ಅಂತ ಅಲ್ಲ.

ಅಜ್ಜಿಮನೆ_ತೀರ್ಥಹಳ್ಳಿ
ಕೇಳಿಸ್ತಾ ಬಸವನಗುಡಿ?

ಕುಂದಾಪ್ರ_ಹೈದ
ಎಲ್ಲ ಓದಿದೆ. ನಮ್ಮ ಅಪ್ಪಯ್ಯ ಯಕ್ಷಗಾನದ ಭಾಗವತರು. ಹರ್ನಿಯಾ ಆಪರೇಷನ್ ಮಾಡ್ಸುಕೆ ಹೇಳಿರು. ಮಳೆಗಾಲದಲ್ಲಿ ತಿರುಗಾಟ ಇಲ್ಲ, ಆಗಲೇ ಮಾಡ್ಸುದು ಅಂತ ಅಂದಾಜು. ಈಗ ಇದೆಲ್ಲ ಓದಿ ಅಪ್ಪಯ್ಯಂಗೆ ಹೇಳುಕೇ ಹೆದರಿಕೆ. ರಾತ್ರಿ ಇಡೀ ಪದ ಹೇಳು ಗಂಟಲು ಅದು. ಟ್ಯೂಬ್ ಹಾಕದೆ ಮಾಡುಕೆ ಆತಿಲ್ಯಾ?

ಅನಸ್ತೇಷಿಯಾ_ಕುಡ್ಲ
ಆಗುತ್ತದೆ. ತೊಡೆಸಂದಿಯ ಹರ್ನಿಯಾವನ್ನು ಕೊಯ್ದು ಮಾಡುವುದಾದರೆ ಬೆನ್ನಿಗೆ ಸ್ಪೈನಲ್ ಕೊಟ್ಟು ಮಾಡಬಹುದು, ಕೆಲವು ಕಡೆ ಬರೀ ಆ ಜಾಗ ಮರಗಟ್ಟಿಸಿಯೂ ಮಾಡುತ್ತಾರೆ. ಗಂಟಲಿಗೆ ಏನೂ ಹೋಗುವುದಿಲ್ಲ. ಲ್ಯಾಪ್ರೋಸ್ಕೋಪಿ ಅಂದರೆ ಸಾಧಾರಣ ಪೂರ್ತಿ ಮತ್ತು ಬರಿಸುತ್ತಾರೆ. ಯಾವುದು ಒಳ್ಳೆಯದು ಅಂತ ಸರ್ಜನ್ ಹತ್ತಿರ ಕೂತು ಮಾತಾಡಿ. "ಭಾಗವತರು" ಅಂತ ಮೊದಲೇ ಹೇಳಿ, ಹೆಚ್ಚಿನವರಿಗೆ ಅದರ ಗೌರವ ಗೊತ್ತು ನಮ್ಮ ಊರಿನಲ್ಲಿ.

ಮಧ್ಯದ ದಾರಿಯೂ ಒಂದಿದೆ, ಲ್ಯಾರಿಂಜಿಯಲ್ ಮಾಸ್ಕ್. ಆರ್ಚಿ ಬ್ರೇನ್ ಎಂಬ ಇಂಗ್ಲೆಂಡಿನ ವೈದ್ಯರು 1981ರಲ್ಲಿ ಮಾಡಿದ್ದು, 1983ರಲ್ಲಿ ಪ್ರಕಟವಾಯಿತು. ಅದು ಧ್ವನಿಪೆಟ್ಟಿಗೆಯ ಮೇಲೆ ಕೂರುತ್ತದೆ, ತಂತುಗಳ ನಡುವೆ ಹೋಗುವುದಿಲ್ಲ. ದನಿ ಕಟ್ಟುವುದು ಕಡಿಮೆ. ಗಂಟಲು ನೋವು ಅದರಲ್ಲೂ ಬರುತ್ತದೆ, ಅದಕ್ಕೂ ಉಬ್ಬುವ ಅಂಚು ಇದೆ, ಅದನ್ನೂ ಬಿರುಸಾಗಿ ಊದುವವರಿದ್ದಾರೆ. ಹೊಟ್ಟೆ ತುಂಬಿದವರಿಗೆ, ಹುಳಿತೇಗು ಜೋರಾಗಿ ಇರುವವರಿಗೆ, ತೀರಾ ದಪ್ಪ ಇರುವವರಿಗೆ ಅದು ಸುರಕ್ಷಿತ ಅಲ್ಲ. ಭಾಗವತರಿಗೆ ಎಸಿಡಿಟಿ ಉಂಟಾ?

ಕುಂದಾಪ್ರ_ಹೈದ
ಇತ್ತ್. ಆಟ ಮುಗ್ಸಿ ಬೆಳಿಗ್ಗೆ ಉಂಡ್ಕಂಡು ಮಲಗುವವರಿಗೆ ಇಲ್ದೆ ಇರತ್ತಾ?

ಅನಸ್ತೇಷಿಯಾ_ಕುಡ್ಲ
ಹಾಗಾದರೆ ಪಿಎಸಿಗೆ, ಅಂದರೆ ಅನಸ್ತೇಷಿಯಾಕ್ಕೆ ಮೊದಲಿನ ತಪಾಸಣೆಗೆ, ಹೋದಾಗ ಅದನ್ನೂ ತಪ್ಪದೆ ಹೇಳಿ.

ದಾವಣಗೆರೆ_ಅಮ್ಮ
ಮಕ್ಕಳಿಗೆ ಹೆಂಗೆ ನೋಡ್ತಾರೆ? ನನ್ನ ಮಗಳಿಗೆ ಆರು ವರ್ಷ, ಟಾನ್ಸಿಲ್ ತೆಗೀಬೇಕು ಅಂದಿದಾರೆ.

ನಿವೃತ್ತ_ಮೈಸೂರು
ಮಕ್ಕಳ ವಿಷಯದಲ್ಲಿ ನಾವು ದೊಡ್ಡವರಿಗಿಂತ ಶಿಸ್ತು. ವಯಸ್ಸನ್ನು ನಾಲ್ಕರಿಂದ ಭಾಗಿಸಿ ನಾಲ್ಕು ಕೂಡುವುದು ಕಫ್ ಇಲ್ಲದ ಕೊಳವೆಗೆ, ಮೂರೂವರೆ ಕೂಡುವುದು ಕಫ್ ಇರುವುದಕ್ಕೆ. ಆರು ವರ್ಷಕ್ಕೆ ಕಫ್ ಇರುವುದು 5. ಅರ್ಧ ಸೈಜು ಮೇಲಿನದು, ಅರ್ಧ ಕೆಳಗಿನದು ಕೈಗೆ ಸಿಗುವಂತೆ ಇಟ್ಟುಕೊಳ್ಳುತ್ತಾರೆ. ಮಗುವಿನ ಶ್ವಾಸನಾಳ ಸಣ್ಣದು, ಒಂದು ಮಿಲಿಮೀಟರ್ ಊತ ಬಂದರೂ ಉಸಿರಿಗೆ ತೊಡಕಾಗಿ ಕೊರಗುಟ್ಟುವ ಕೆಮ್ಮು ಬರುತ್ತೆ. ಆ ಹೆದರಿಕೆಯಿಂದಲೇ ಎಲ್ಲರೂ ಲೆಕ್ಕ ಹಾಕುತ್ತಾರೆ. ಟಾನ್ಸಿಲ್‌ನಲ್ಲಿ ನೋವು ಮುಖ್ಯವಾಗಿ ಕೊಯ್ದ ಜಾಗದ್ದು, ಕೊಳವೆಯದ್ದಲ್ಲ.

ಬಸವನಗುಡಿ_ಹುಡುಗ
ಸರಿ, ಒಪ್ಕೊಂಡೆ, ವಿಷಯ ಇದೆ. ಆದ್ರೂ ಒಂದು ಪ್ರಶ್ನೆ. ಪೇಷೆಂಟ್ ಹೋಗಿ "ನಂಗೆ 6.5 ಹಾಕಿ" ಅಂದ್ರೆ ಯಾವ ಡಾಕ್ಟರ್ ಕೇಳ್ತಾರೆ? "ನೆಟ್ಟಲ್ಲಿ ಓದ್ಕೊಂಡು ಬಂದ್ರಾ" ಅಂತಾರೆ ಅಷ್ಟೇ.

ಅನಸ್ತೇಷಿಯಾ_ಕುಡ್ಲ
ನಂಬರ್ ಹೇಳುವುದು ಬೇಡ. ಪಿಎಸಿಯಲ್ಲಿ "ನಾನು ಹಾಡುವವಳು, ಹಿಂದಿನ ಸಲ 7.5 ಹಾಕಿದಾಗ ದನಿ ಕಟ್ಟಿತ್ತು, ಸಾಧ್ಯ ಇದ್ದರೆ ಚಿಕ್ಕ ಟ್ಯೂಬ್ ನೋಡ್ತೀರಾ, ಕಫ್ ಪ್ರೆಶರ್ ಅಳೀತೀರಾ" ಅಂತ ಕೇಳಿ. ಹಳೇ ಶೀಟ್ ಕೈಗೆ ಕೊಡಿ. ಇದು ನಮಗೆ ಮಾಹಿತಿ, ಸವಾಲಲ್ಲ. ಪಿಎಸಿ ನೋಡುವವರು ಬೇರೆ, ಆಪರೇಷನ್ ದಿನ ಇರುವವರು ಬೇರೆ ಆಗುವುದು ದೊಡ್ಡ ಆಸ್ಪತ್ರೆಗಳಲ್ಲಿ ಮಾಮೂಲು. ಹಾಗಾಗಿ ಫೈಲಿನಲ್ಲಿ ಬರೆಯಿರಿ ಅನ್ನಿ, ಥಿಯೇಟರಿನ ಬಾಗಿಲಲ್ಲಿ ಇನ್ನೊಮ್ಮೆ ಹೇಳಿ.

ಹುಬ್ಬಳ್ಳಿ_ಓಟಿ
ಬಾಗಲದಾಗ ನಮಗೂ ಹೇಳ್ರಿ. ಟ್ರಾಲಿ ಮ್ಯಾಲ ಟ್ಯೂಬ್ ತೆಗೆದಿಡೋರು ನಾವ.

ಹಂಸಧ್ವನಿ_ಶಿವಮೊಗ್ಗ
ಇಎನ್‌ಟಿ ಹತ್ರ ಹೋಗಿ ಬಂದೆ. ಮೂಗಿಗೆ ಔಷಧಿ ಸಿಂಪಡಿಸಿ ಸಣ್ಣ ಸ್ಕೋಪ್ ಇಳಿಸಿದ್ರು, ಪರದೇಲಿ ನನಗೂ ತೋರಿಸಿದ್ರು. ಎರಡೂ ತಂತು ಸರಿಯಾಗಿ ಅಲ್ಲಾಡ್ತಿವೆ, ಅದೇ ಮುಖ್ಯ ಅಂದ್ರು. ಹಿಂದುಗಡೆ ಎರಡೂ ಪಕ್ಕ ಕೆಂಪಗೆ ಊದಿಕೊಂಡಿದೆ, ಎಡಗಡೆ ಸ್ವಲ್ಪ ಜಾಸ್ತಿ. ಮೇಡಂ ಹೇಳಿದ ಜಾಗಾನೇ. ಹಾಡೋದು ಬೇಡ, ಮಾತು ಕಡಿಮೆ, ಪಿಸುಗುಟ್ಟೋದೂ ಬೇಡ ಅಂದ್ರು. ನೀರು ಚೆನ್ನಾಗಿ ಕುಡೀಬೇಕಂತೆ, ಎಸಿಡಿಟಿ ಮಾತ್ರೆ ಬರೆದಿದ್ದಾರೆ. ಎರಡು ವಾರ ಬಿಟ್ಟು ಮತ್ತೆ ನೋಡ್ತಾರೆ. ಮಕ್ಕಳಿಗೆ ಶ್ರುತಿಪೆಟ್ಟಿಗೆ ಹಾಕಿ ಕೈಸನ್ನೇಲೇ ಪಾಠ ನಡೆಸ್ತಿದೀನಿ, ಅವರಿಗೆ ಬೈಸಿಕೊಳ್ಳೋದು ತಪ್ಪಿದ ಖುಷಿ.

ಮಸ್ಕತ್_ಕನ್ನಡಿಗ
ಒಳ್ಳೇದಾಯ್ತು. ಈ ಎಳೆ ಓದೋ ಬೇರೆಯವರಿಗೆ: ಆಪರೇಷನ್ ಆದ್ಮೇಲೆ ಉಸಿರೆಳೆಯುವಾಗ ಕೀರಲು ಸದ್ದು, ಉಸಿರಿಗೆ ಕಷ್ಟ, ಉಗುಳೂ ನುಂಗಲಾಗದೆ ಜೊಲ್ಲು ಸುರಿಯೋದು, ಕತ್ತು ಊದಿ ಒತ್ತಿದ್ರೆ ಚರಚರ ಅನ್ನೋದು, ಜ್ವರದ ಜೊತೆ ಎದೆನೋವು, ಇವುಗಳಲ್ಲಿ ಯಾವುದಿದ್ರೂ ಇಲ್ಲಿ ಬರೆದು ಉತ್ತರ ಕಾಯಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ. ಇವು ಅಪರೂಪ. ಆದ್ರೆ ಮಾಮೂಲಿ ಗಂಟಲು ನೋವು ಅಂತ ಮನೇಲಿ ಕೂರೋ ವಿಷಯ ಅಲ್ಲ.

ಕುಂದಾಪ್ರ_ಹೈದ
ಅಪ್ಪಯ್ಯನ ಸರ್ಜನ್ ಕೊಯ್ದೇ ಮಾಡುವ, ಸ್ಪೈನಲ್ ಸಾಕು ಅಂದ್ರು. ಆದ್ರೆ ಸ್ಪೈನಲ್ ಸರಿ ಹತ್ದಿದ್ರೆ ಪೂರ್ತಿ ಮತ್ತು ಬೇಕಾಪುಕೂ ಸಾಕು, ಖಾಲಿ ಹೊಟ್ಟೆಲೇ ಬನ್ನಿ ಅಂದಿರ್. ಅಪ್ಪಯ್ಯನ ಒಂದೇ ಪ್ರಶ್ನೆ: ಬೆಳಿಗ್ಗೆ ಎದ್ದು ಚಾ ಕುಡಿಲಕ್ಕಾ?

ಅನಸ್ತೇಷಿಯಾ_ಕುಡ್ಲ
ಹಾಲು ಹಾಕಿದ ಚಾ ಬೇಡ, ಅದು ಊಟದ ಲೆಕ್ಕ, ಆರು ಗಂಟೆ ಮೊದಲೇ ನಿಲ್ಲಬೇಕು. ಬರೀ ನೀರು ಆಪರೇಷನ್ನಿಗೆ ಎರಡು ಗಂಟೆ ಮೊದಲಿನವರೆಗೆ ಕುಡಿಯಬಹುದು, ಆದರೆ ಎಸಿಡಿಟಿ ಇದ್ದ ಕಾರಣ ನಿಮ್ಮ ಡಾಕ್ಟರ್ ಹೇಳಿದ ಹೊತ್ತೇ ಕೊನೆ. ಚಾ ಸಂಜೆಗೆ ಕೊಡಿಸಿ.